ಕಾಲು ಎಲ್ಲಿ ಹೋಯಿತು, ಮೇಷ್ಟ್ರೇ?

ಶಾಲೆಯ ವಾರ್ಷಿಕೋತ್ಸವ ಮುಗಿದು ಎರಡು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಕೂತು ಸೋರುವ ನಲ್ಲಿಗೆ ವಾಷರ್ ಹಾಕುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬನ ತಾಯಿ ಬಂದರು. ಆಕೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವರು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ವಾರ್ಷಿಕೋತ್ಸವದ ದಿನ ರಜೆ ಸಿಕ್ಕಿರಲಿಲ್ಲ. ಮಗ ಕುಣಿದದ್ದನ್ನು ವಿಡಿಯೋದಲ್ಲಿ ನೋಡಿದರಾಯಿತು ಎಂದು ಸಮಾಧಾನ ಮಾಡಿಕೊಂಡಿದ್ದವರು ಈಗ ಮೊಬೈಲನ್ನು ನನ್ನ ಕಣ್ಣ ಮುಂದೆ ಹಿಡಿದರು.

“ಇದ್ರಲ್ಲಿ ನನ್ ಮಗನ ಕಾಲೆಲ್ಲಿ ಮೇಷ್ಟ್ರೇ? ಮೂರು ತಿಂಗಳಿಂದ ಜಗಲಿ ಸವೆಯೋ ಹಂಗೆ ಕುಣಿದವ್ನೆ. ಮಕ ದಿನಾ ನೋಡ್ತೀನಲ್ಲ, ನಂಗೆ ಕಾಲು ನೋಡ್ಬೇಕಿತ್ತು.”

ಆ ವಿಡಿಯೋ ನಾನೂ ನೋಡಿದ್ದೆ. ಆಗ ಏನೂ ಅನ್ನಿಸಿರಲಿಲ್ಲ. ಈಗ ಆಕೆಯ ಪಕ್ಕದಲ್ಲಿ ನಿಂತು ನೋಡಿದರೆ ನಿಜಕ್ಕೂ ಕಾಲೇ ಇಲ್ಲ. ಮೊದಲು ಹುಡುಗನ ಮುಖ, ಆಮೇಲೆ ಮುಂದಿನ ಸಾಲಿನಲ್ಲಿ ಕೂತ ಅತಿಥಿಗಳ ಮುಖ, ಮತ್ತೆ ಹುಡುಗನ ಎದೆ, ನಡುವೆ ಪರದೆ ನಾಲ್ಕು ಹೋಳಾಗಿ ಒಂದೊಂದು ಹೋಳಿನಲ್ಲೂ ಗುಲಾಬಿ ಹೂವು. ನಾಲ್ಕು ನಿಮಿಷದ ಕುಣಿತದಲ್ಲಿ ಅಂಗಾಲು ನೆಲಕ್ಕೆ ತಾಗಿದ್ದು ಒಂದು ಸಲವೂ ಕಾಣಲಿಲ್ಲ. ವಿಡಿಯೋದವನನ್ನು ಬೈಯೋಣವೆಂದರೆ ತಪ್ಪು ಅವನದಲ್ಲ. “ಪೋಷಕರು ಪ್ರತಿ ವರ್ಷ ದೂರು ಹೇಳ್ತಾರಪ್ಪ, ಮಕ್ಕಳ ಮುಖ ಚೆನ್ನಾಗಿ ಬರಲಿ” ಎಂದು ಅವನಿಗೆ ಕಟ್ಟಪ್ಪಣೆ ಮಾಡಿದ ಸಂಚಾಲಕ ನಾನೇ. ಆಕೆಗೆ ಇದನ್ನು ಹೇಳಲಿಲ್ಲ. “ನೋಡೋಣಮ್ಮ, ಏನಾದರೂ ಮಾಡೋಣ” ಎಂದು ಕಳಿಸಿದೆ. ಮೇಷ್ಟ್ರುಗಳು ‘ನೋಡೋಣ’ ಎಂದರೆ ಏನರ್ಥ ಎಂಬುದು ಊರಿಗೆಲ್ಲ ಗೊತ್ತು.

ಮರುದಿನ ಹುಡುಗನನ್ನು ಕರೆದು ಕೇಳಿದೆ. ಇದಕ್ಕೆ ಲಾಕಿಂಗ್ ಅಂತಾರೆ ಸರ್, ಹಿಪ್ ಹಾಪ್‌ನಲ್ಲಿ ಬರುತ್ತೆ ಎಂದ. ಕೈ ಬೀಸುತ್ತ ಬೀಸುತ್ತ ತಟ್ಟನೆ ಬೀಗ ಜಡಿದಂತೆ ನಿಲ್ಲಿಸುವುದು, ಬೆರಳು ತೋರಿಸುವುದು, ಮುಂಗೈ ತಿರುಗಿಸುವುದು, ನಿಂತವನು ನಿಂತಲ್ಲೇ ಮಂಡಿಗೆ ಕುಸಿದು ಮತ್ತೆ ಪುಟಿದೇಳುವುದು. ಇದನ್ನು ಕಂಡುಹಿಡಿದವರು ಯಾರು ಎಂದೆ. “ಗೊತ್ತಿಲ್ಲ ಸರ್. ಮೊಬೈಲಲ್ಲಿ ಎಲ್ಲಾರೂ ಮಾಡ್ತಾರೆ” ಎಂದ. ಓಮ್‌ನ ನಿಯಮ ಓಮ್‌ನದು, ಆರ್ಕಿಮಿಡೀಸನ ತತ್ವ ಆರ್ಕಿಮಿಡೀಸನದು ಎಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಉತ್ತರ ಸ್ವಲ್ಪ ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಈ ಕುಣಿತವನ್ನು ನಾನು ಹಿಂದೆಲ್ಲೋ ನೋಡಿದ್ದೇನೆ ಎಂಬ ನೆನಪು ಕಾಡತೊಡಗಿತು.

ನೋಡಿದ್ದು ವಿಡಿಯೋ ಪಾರ್ಲರಿನಲ್ಲಿ. ನಾನು ಆಗ ಹೈಸ್ಕೂಲು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೋಣಿತಾಟಿನ ಪರದೆ ಕಟ್ಟಿ, ಟಿಕೆಟ್ಟಿಗೆ ಎರಡು ರೂಪಾಯಿ ಇಟ್ಟು, ಕ್ಯಾಸೆಟ್ಟು ಹಾಕಿ ಸಿನಿಮಾ ತೋರಿಸುತ್ತಿದ್ದರು. ಚಿತ್ರದ ಹೆಸರು ‘ಬ್ರೇಕಿನ್’. 1984ರಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು. ಇಂಗ್ಲಿಷು ಒಂದಕ್ಷರ ಅರ್ಥವಾಗದಿದ್ದರೂ ಇಬ್ಬರು ಮನಸ್ಸಿನಲ್ಲಿ ನಿಂತುಬಿಟ್ಟರು. ಒಬ್ಬ ಬೀದಿ ಗುಡಿಸುವ ಪೊರಕೆಯ ಜೊತೆ ಕುಣಿಯುವ ಹುಡುಗ. ಇನ್ನೊಬ್ಬ ಅವನಿಗಿಂತ ದೊಡ್ಡವನು, ತೆಳ್ಳಗಿನ ಆಳು. ಮೈಯ ಕೀಲುಗಳಿಗೆಲ್ಲ ಬೇರೆ ಬೇರೆ ಬೀಗದ ಕೈ ಇದ್ದಂತೆ ಕುಣಿಯುತ್ತಿದ್ದ.

ಆ ಎರಡನೆಯವನ ಹೆಸರು ಅಡಾಲ್ಫೊ ಕಿನ್ಯೋನೆಸ್. ಕುಣಿತದ ಲೋಕ ಅವನನ್ನು ಕರೆದದ್ದು ಶಬ್ಬಾ-ಡೂ ಎಂದು. 1955ರಲ್ಲಿ ಶಿಕಾಗೋದಲ್ಲಿ ಹುಟ್ಟಿದವನು. ತಂದೆ ಪೋರ್ಟೊರಿಕೊ ಮೂಲದವರು, ತಾಯಿ ಆಫ್ರಿಕನ್ ಅಮೆರಿಕನ್. ಬೆಳೆದದ್ದು ಕ್ಯಾಬ್ರಿನಿ-ಗ್ರೀನ್ ಎಂಬ ಬಡವರ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಯೌವನದಲ್ಲಿ ಲಾಸ್ ಏಂಜಲೀಸ್‌ಗೆ ಬಂದು ‘ಸೋಲ್ ಟ್ರೇನ್’ ಎಂಬ ಟೀವಿ ಕಾರ್ಯಕ್ರಮದಲ್ಲಿ ಕುಣಿದ. ಆ ಕಾರ್ಯಕ್ರಮವೂ ಅವನ ಊರಿನದೇ. 1970ರಲ್ಲಿ ಶಿಕಾಗೋದ ಸ್ಥಳೀಯ ಟೀವಿಯಲ್ಲಿ ಶುರುವಾಗಿ ಮರುವರ್ಷ ಲಾಸ್ ಏಂಜಲೀಸ್‌ಗೆ ಹೋಗಿ ಇಡೀ ಅಮೆರಿಕಕ್ಕೆ ಬಿತ್ತರವಾಗತೊಡಗಿತ್ತು.

ಲಾಕಿಂಗ್‌ನ ಜನಕ ಮಾತ್ರ ಬೇರೆ. ಅವನು ಡಾನ್ ಕ್ಯಾಂಬೆಲ್. ಲಾಸ್ ಏಂಜಲೀಸ್‌ನ ಒಂದು ವೃತ್ತಿ ಶಿಕ್ಷಣ ಕಾಲೇಜಿನಲ್ಲಿ ಕಲೆ ಕಲಿಯುತ್ತಿದ್ದ ಹುಡುಗ. 1970ರ ಸುಮಾರಿಗೆ ಗೆಳೆಯರು ಆಗ ಚಾಲ್ತಿಯಲ್ಲಿದ್ದ ಕುಣಿತ ಹೇಳಿಕೊಡಲು ಹೋದರಂತೆ, ಇವನಿಗೆ ಬರಲಿಲ್ಲವಂತೆ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಮುಂದೇನು ಎಂದು ತೋಚದೆ ನಡುವೆ ಗಕ್ಕನೆ ನಿಲ್ಲುತ್ತಿದ್ದ. ನಕ್ಕವರ ಕಡೆ ಬೆರಳು ತೋರಿಸುತ್ತಿದ್ದ. ನಿಂತದ್ದೂ ಬೆರಳು ತೋರಿಸಿದ್ದೂ ಸೇರಿ ಹೊಸ ಕುಣಿತವೇ ಆಯಿತು ಎಂಬುದು ಎಲ್ಲರೂ ಹೇಳುವ ಕಥೆ. ತಪ್ಪು ಉತ್ತರಕ್ಕೆ ಸೊನ್ನೆ ಹಾಕುವ ನನ್ನಂಥವರು ಓದಬೇಕಾದ ಕಥೆ, ಇರಲಿ.

ಈ ಕ್ಯಾಂಬೆಲ್ ಮತ್ತು ಟೋನಿ ಬೇಸಿಲ್ ಎಂಬಾಕೆ ಸೇರಿ 1970ರ ದಶಕದ ಆರಂಭದಲ್ಲಿ ಕಟ್ಟಿದ ತಂಡ ‘ದಿ ಲಾಕರ್ಸ್’. ಶಬ್ಬಾ-ಡೂ ಅದರ ಮೊದಲ ಸದಸ್ಯರಲ್ಲಿ ಒಬ್ಬ. ಅವರ ಚಿತ್ರಗಳನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಉಡುಪು. ಮಂಡಿಯ ಕೆಳಗೆ ಮುಗಿಯುವ ಚಲ್ಲಣ, ಅದರ ಕೆಳಗೆ ಪಟ್ಟೆಪಟ್ಟೆಯ ಕಾಲುಚೀಲ, ತಲೆಗೆ ಗಾತ್ರದ ಟೋಪಿ. ಹುಚ್ಚು ವೇಷ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪಟ್ಟೆ ಕಾಲುಚೀಲ ಹಾಕಿದ ಕಾಲು ಹತ್ತನೇ ಸಾಲಿನಿಂದಲೂ ಕಾಣುತ್ತದೆ. ಚಿಕ್ಕ ಟೀವಿ ಪರದೆಯಲ್ಲೂ ಕಾಣುತ್ತದೆ. ಕಾಲು ಕಾಣಬೇಕೆಂದು ಹಟ ಹಿಡಿದವರ ಉಡುಪು ಅದು. 1975ರಲ್ಲಿ ಅವರು ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಜನಪ್ರಿಯ ಕಾರ್ಯಕ್ರಮದ ಮೊದಲ ವರ್ಷದಲ್ಲೇ ಕುಣಿದರು.

ಇಲ್ಲಿ ಒಂದು ಮಾತು. ಇವೆಲ್ಲವನ್ನೂ ಈಗ ಹಿಪ್ ಹಾಪ್ ಎನ್ನುತ್ತೇವೆ. ಹಿಪ್ ಹಾಪ್‌ನ ತವರು ನ್ಯೂಯಾರ್ಕಿನ ಬ್ರಾಂಕ್ಸ್. 1973ರ ಆಗಸ್ಟ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಪಾರ್ಟಿಯಿಂದ ಅದರ ಪಂಚಾಂಗ ಎಣಿಸುತ್ತಾರೆ. ಲಾಕಿಂಗ್ ಅದಕ್ಕೂ ಹಿಂದಿನದು, ದೇಶದ ಇನ್ನೊಂದು ತುದಿಯದು. ಸ್ನಾಯುಗಳನ್ನು ಝಟಕಾಯಿಸುವ ಪಾಪಿಂಗ್ ಕ್ಯಾಲಿಫೋರ್ನಿಯಾದ ಫ್ರೆಸ್ನೊದ ಹುಡುಗರದು. ‘ಬ್ರೇಕಿನ್’ ಚಿತ್ರದ ಹೆಸರು ನ್ಯೂಯಾರ್ಕಿನ ಬ್ರೇಕ್ ಡ್ಯಾನ್ಸಿನದು, ನಾಯಕರಿಬ್ಬರು ಕ್ಯಾಲಿಫೋರ್ನಿಯಾದಲ್ಲಿ ಹೆಸರು ಮಾಡಿದ ಲಾಕಿಂಗ್, ಪಾಪಿಂಗ್‌ನವರು. ಹೊರಗಿನವರಿಗೆ ಎಲ್ಲ ಒಂದೇ. ನಾವೂ ಕಂಸಾಳೆ, ವೀರಗಾಸೆ, ಪೂಜಾ ಕುಣಿತಗಳನ್ನು ‘ಜಾನಪದ’ ಎಂಬ ಒಂದೇ ಚೀಲಕ್ಕೆ ತುಂಬಿ ವೇದಿಕೆ ಹತ್ತಿಸುವುದಿಲ್ಲವೇ?

ಈಗ ಸ್ವಲ್ಪ ನನ್ನ ವಿಷಯಕ್ಕೆ ಬರುತ್ತೇನೆ. ಓಡುವ ಬಸ್ಸು ಬ್ರೇಕು ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಜಡತ್ವ ಎಂದು ಎಂಟನೇ ತರಗತಿಯಿಂದಲೂ ಓದಿದ್ದೇವೆ. ಬೀಸಿದ ಕೈಗೂ ಜಡತ್ವವಿದೆ. ಅದನ್ನು ಗಾಳಿಯಲ್ಲೇ ನಿಲ್ಲಿಸಲು ತೋಳಿನ ಮುಂದಿನ ದ್ವಿಶಿರ ಸ್ನಾಯು, ಹಿಂದಿನ ತ್ರಿಶಿರ ಸ್ನಾಯು ಎರಡೂ ಒಟ್ಟಿಗೆ ಬಿಗಿಯಬೇಕು. ಸಾಮಾನ್ಯವಾಗಿ ಒಂದು ಬಿಗಿದರೆ ಇನ್ನೊಂದು ಸಡಿಲುತ್ತದೆ. ಎರಡನ್ನೂ ಒಂದೇ ಕ್ಷಣದಲ್ಲಿ ಬಿಗಿದು, ಮರುಕ್ಷಣ ಬಿಟ್ಟು, ಅದೂ ಮುಖದಲ್ಲಿ ನಗು ಇಟ್ಟುಕೊಂಡು ಮಾಡುವುದು ಎಷ್ಟು ಕಷ್ಟ ಎಂಬುದನ್ನು ನೀವೇ ಕನ್ನಡಿ ಮುಂದೆ ಪರೀಕ್ಷಿಸಿ. ಬಾಗಿಲು ಹಾಕಿಕೊಂಡು ಪರೀಕ್ಷಿಸಿ. ನನ್ನ ಹೆಂಡತಿ ಇನ್ನೂ ನಗುತ್ತಿದ್ದಾಳೆ.

ಇನ್ನೊಂದು ಲೆಕ್ಕವಿದೆ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಒಂದೊಂದು ಚಿತ್ರಕ್ಕೂ ಅದರ ಕಣ್ಣು ತೆರೆದಿರುವುದು ವಾಡಿಕೆಯಂತೆ ಸೆಕೆಂಡಿನ 48ನೇ ಒಂದು ಭಾಗ. ಕುಣಿಯುವವನ ಕೈ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬೀಸಿತು ಎನ್ನಿ. ಐದನ್ನು 48ರಿಂದ ಭಾಗಿಸಿದರೆ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಆ ಒಂದು ಚಿತ್ರ ಮೂಡುವಷ್ಟರಲ್ಲಿ ಕೈ ಒಂದು ಗೇಣಿನ ಅರ್ಧದಷ್ಟು ಸರಿದುಬಿಟ್ಟಿರುತ್ತದೆ. ಚಿತ್ರದಲ್ಲಿ ಕೈ ಬದಲು ಮಸುಕು ಬೀಳುತ್ತದೆ. ಲಾಕ್ ಮಾಡಿದ ಕೈ ನಿಂತೇ ಇರುವುದರಿಂದ ಬೆರಳು ಬೆರಳೂ ಸ್ಪಷ್ಟ. ಮಸುಕು, ಮಸುಕು, ಮಸುಕು, ತಟ್ಟನೆ ಸ್ಪಷ್ಟ! ಕ್ಯಾಂಬೆಲ್ ಹೆಜ್ಜೆ ಮರೆತು ನಿಂತದ್ದು ಕ್ಯಾಮೆರಾಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಾಯಿತು.

ಬೀದಿಯ ಕುಣಿತಕ್ಕೆ ಸುತ್ತ ಜನ ನಿಲ್ಲುತ್ತಾರೆ. ನಮ್ಮ ಜಾತ್ರೆಯಲ್ಲೂ ಹಾಗೆಯೇ. ಕುಣಿಯುವವನಿಗೆ ಹಿಂದು ಮುಂದು ಎಂಬುದಿಲ್ಲ. ಯಾರಿಗೆ ಕಾಲು ನೋಡಬೇಕೋ ಅವರು ಕಾಲು ನೋಡುತ್ತಾರೆ, ಮುಖ ನೋಡುವವರು ಮುಖ. ಕ್ಯಾಮೆರಾ ಬಂದ ಕೂಡಲೇ ಆ ಸ್ವಾತಂತ್ರ್ಯ ಹೋಗುತ್ತದೆ. ಎಲ್ಲರ ಪರವಾಗಿ ಅದೊಂದೇ ನೋಡುತ್ತದೆ. ಸೋಲ್ ಟ್ರೇನ್‌ನವರು ಇದಕ್ಕೊಂದು ಉಪಾಯ ಮಾಡಿದ್ದರು. ಹುಡುಗ ಹುಡುಗಿಯರು ಎದುರುಬದುರು ಎರಡು ಸಾಲು ನಿಲ್ಲುವುದು, ನಡುವಿನ ಓಣಿಯಲ್ಲಿ ಒಬ್ಬೊಬ್ಬರೇ ಕುಣಿಯುತ್ತ ಕ್ಯಾಮೆರಾದ ಕಡೆಗೆ ಬರುವುದು. ಓಣಿಯ ಆ ತುದಿಯಲ್ಲಿದ್ದಾಗ ಪೂರ್ತಿ ಮೈ ಕಾಣುತ್ತದೆ, ಹತ್ತಿರ ಬಂದಂತೆ ಮುಖ. ಯಾವ ಹೆಜ್ಜೆ ದೂರದಲ್ಲಿ ಹಾಕಬೇಕು, ಯಾವ ನಗು ಹತ್ತಿರ ಬಂದಾಗ ನಗಬೇಕು ಎಂಬುದನ್ನು ಕುಣಿಯುವವನೇ ತೀರ್ಮಾನಿಸಬೇಕು. ಶಬ್ಬಾ-ಡೂ ಸಿನಿಮಾದ ಅಕ್ಷರಾಭ್ಯಾಸ ಮಾಡಿದ್ದು ಆ ಓಣಿಯಲ್ಲಿ ಎಂದೇ ನನ್ನ ಎಣಿಕೆ. ಅಲ್ಲಿ ಕುಣಿದವರಿಗೆ ಸಂಬಳವಿರಲಿಲ್ಲ. ಮಧ್ಯಾಹ್ನಕ್ಕೆ ಕರಿದ ಕೋಳಿಯ ಊಟ ಕೊಡುತ್ತಿದ್ದರು, ಅಷ್ಟೆ. ಅವರ ಹೆಜ್ಜೆಗಳು ಮಾತ್ರ ದೇಶವೆಲ್ಲ ಸುತ್ತಿದವು.

‘ಬ್ರೇಕಿನ್’ ದೊಡ್ಡ ಚಿತ್ರವೇನಲ್ಲ. ಶಾಸ್ತ್ರೋಕ್ತವಾಗಿ ಕಲಿತ ಹುಡುಗಿಯೊಬ್ಬಳು ಇಬ್ಬರು ಬೀದಿ ಹುಡುಗರ ಜೊತೆ ಸೇರಿ ಸ್ಪರ್ಧೆಗೆ ಇಳಿಯುವ ಕಥೆ. ಬರೆಯಲು ಅರ್ಧ ಹಾಳೆ ಸಾಕು. ಶಬ್ಬಾ-ಡೂ ಅದರಲ್ಲಿ ಓಜೋನ್. (ನಮ್ಮ ಪಾಠದಲ್ಲಿ ಓಜೋನಿಗೆ ತೂತು ಬಿದ್ದದ್ದು ಮರುವರ್ಷ!) ಪೊರಕೆಯ ಹುಡುಗ ಮೈಕೇಲ್ ಚೇಂಬರ್ಸ್, ಪಾತ್ರದ ಹೆಸರು ಟರ್ಬೊ. ಪೊರಕೆಯ ದೃಶ್ಯವನ್ನು ಈಗ ಮತ್ತೆ ನೋಡಿದೆ. ಅಂಗಡಿಯ ಮುಂದೆ ಕಸ ಗುಡಿಸುತ್ತ ಗುಡಿಸುತ್ತ ಹುಡುಗ ಕುಣಿಯತೊಡಗುತ್ತಾನೆ. ಕ್ಯಾಮೆರಾ ದೂರ ನಿಂತು ನೋಡುತ್ತದೆ, ಅಂಗಾಲಿನಿಂದ ನೆತ್ತಿಯವರೆಗೆ. ಒಂದು ಗಳಿಗೆ ಪೊರಕೆ ಕೈಬಿಟ್ಟರೂ ಬೀಳದೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ದಾರದ ಕೆಲಸ. ಪಾರ್ಲರಿನಲ್ಲಿ ನಾವು ಹುಡುಗರು ಅದು ಮಾಟವೆಂದೇ ನಂಬಿ ಜಗಳವಾಡಿದ್ದೆವು.

ಹೀಗೆ ಪೂರ್ತಿ ಮೈ ತೋರಿಸುವ ಕ್ರಮವನ್ನು ಹಾಲಿವುಡ್ಡಿನಲ್ಲಿ ಹಟ ಹಿಡಿದು ತಂದವನು ಫ್ರೆಡ್ ಅಸ್ಟೇರ್. ತಾನು ಕುಣಿಯುವಾಗ ಕ್ಯಾಮೆರಾ ಸುಮ್ಮನಿರಬೇಕು, ಕಾಲು ಕತ್ತರಿಸಬಾರದು, ಆದಷ್ಟೂ ತುಂಡು ಮಾಡಬಾರದು ಎಂಬುದು ಅವನ ಷರತ್ತು. 1951ರ ‘ರಾಯಲ್ ವೆಡ್ಡಿಂಗ್’ ಚಿತ್ರದಲ್ಲಿ ಅವನು ಟೋಪಿ ನೇತುಹಾಕುವ ಕಂಬದ ಜೊತೆ ಕುಣಿದ. ಪೊರಕೆ ಅದರ ಮೊಮ್ಮಗು. ಅದೇ ಚಿತ್ರದಲ್ಲಿ ಅವನು ಕೋಣೆಯ ಗೋಡೆ ಹತ್ತಿ, ಸೂರಿನ ಮೇಲೆ ತಲೆಕೆಳಗಾಗಿ ಕುಣಿದು, ಇನ್ನೊಂದು ಗೋಡೆಯಿಂದ ಇಳಿದು ಬಂದ. ‘ಬ್ರೇಕಿನ್’ನ ಎರಡನೇ ಭಾಗ 1984ರ ಡಿಸೆಂಬರಿನಲ್ಲೇ ಬಂತು, ಅದರಲ್ಲಿ ಟರ್ಬೊನೂ ಸೂರಿನ ಮೇಲೆ ಕುಣಿಯುತ್ತಾನೆ.

ಇದು ಹೇಗೆ? ಒಂದು ಇಡೀ ಕೋಣೆಯನ್ನು ದೊಡ್ಡ ಉರುಳೆಯೊಳಗೆ ಕಟ್ಟುತ್ತಾರೆ. ಮೇಜು ಕುರ್ಚಿಯ ಜೊತೆ ಕ್ಯಾಮೆರಾವನ್ನೂ ಕೋಣೆಗೇ ಬಿಗಿಯುತ್ತಾರೆ. ಉರುಳೆ ತಿರುಗಿದಂತೆ ಗೋಡೆ ಕೆಳಗೆ ಬರುತ್ತದೆ, ಆಮೇಲೆ ಸೂರು ಕೆಳಗೆ ಬರುತ್ತದೆ. ಕುಣಿಯುವವನು ಎಲ್ಲಿಗೂ ಹತ್ತಿಲ್ಲ. ಗುರುತ್ವ ಹೇಳಿದಲ್ಲಿ, ಅಂದರೆ ಉರುಳೆಯ ತಳದಲ್ಲೇ ಸದಾ ಕುಣಿಯುತ್ತಿದ್ದಾನೆ. ಕ್ಯಾಮೆರಾ ಕೋಣೆಯ ಜೊತೆ ತಿರುಗುವುದರಿಂದ ಅದಕ್ಕೆ ಕೋಣೆ ನಿಂತೇ ಇದೆ, ಮನುಷ್ಯ ಸುತ್ತುತ್ತಿದ್ದಾನೆ. ರೈಲಿನಲ್ಲಿ ಕೂತವನಿಗೆ ಪಕ್ಕದ ರೈಲು ಹೊರಟಂತೆ ಕಾಣುವುದೂ ಇದೇ ಲೆಕ್ಕ. ಪುಸ್ತಕದಲ್ಲಿ ಇದನ್ನು ಸಾಪೇಕ್ಷ ಚಲನೆ ಎನ್ನುತ್ತೇವೆ, ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಳ್ಳುತ್ತಾರೆ.

ನೀವೂ ಮಾಡಿ ನೋಡಬಹುದು. ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಒಂದು ತುದಿಯ ಗೋಡೆಗೆ ಮೊಬೈಲನ್ನು ಗಟ್ಟಿಯಾಗಿ ಅಂಟಿಸಿ, ಅದರ ಕಣ್ಣು ಒಳಕ್ಕಿರಲಿ. ಎದುರಿನ ತುದಿಯನ್ನು ಕತ್ತರಿಸಿ ಬೆಳಕು ಬರುವಂತೆ ತೆಳು ಕಾಗದ ಅಂಟಿಸಿ. ಒಳಗೊಂದು ಗೋಲಿ ಬಿಡಿ. ಮೊದಲು ವಿಡಿಯೋ ಚಾಲೂ ಮಾಡಿ, ಆಮೇಲೆ ಪೆಟ್ಟಿಗೆಯನ್ನು ಅಡ್ಡ ಹಿಡಿದು ರೊಟ್ಟಿ ಲಟ್ಟಣಿಗೆ ಉರುಳಿಸಿದಂತೆ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ವಿಡಿಯೋ ನೋಡಿದರೆ ಗೋಲಿ ಮೂಲೆಗಳಲ್ಲಿ ಒಂದಿಷ್ಟು ತಡವರಿಸಿ, ಗೋಡೆ ಹತ್ತಿ, ಸೂರಿನ ಮೇಲೆ ಓಡಿ ಇಳಿದು ಬರುತ್ತದೆ. ಇದನ್ನು ಒಂಬತ್ತನೇ ತರಗತಿಯಲ್ಲಿ ಮಾಡಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದರು. ನಮ್ಮ ಲಾಕಿಂಗ್ ಹುಡುಗ ಮಾತ್ರ ಗೋಲಿ ನೋಡದೆ ಕೇಳಿದ: “ಸರ್, ಅಂದ್ರೆ ಕ್ಯಾಮೆರಾನ ಎಲ್ಲಿಗೆ ಕಟ್ಟಿರ್ತಾರೋ ಅದೇ ನಿಜ ಅನ್ಸುತ್ತೆ, ಅಲ್ವಾ?”

ಹೌದಪ್ಪ ಎಂದೆ. ನನ್ನ ಮನಸ್ಸಿಗೆ ಬಂದದ್ದು ಗುಲಾಬಿ ಹೂವಿನ ವಿಡಿಯೋ.

ಶಬ್ಬಾ-ಡೂ ಮುಂದೆ ಹಿಡಿದ ದಾರಿಯನ್ನು ನೋಡಿದರೆ ಈ ಪ್ರಶ್ನೆ ಅವನನ್ನೂ ಬಿಟ್ಟಿರಲಿಲ್ಲವೇನೋ ಅನ್ನಿಸುತ್ತದೆ. 1987ರಲ್ಲಿ ಮಡೋನಾಳ ಜಗತ್ಪ್ರವಾಸದ ಕಾರ್ಯಕ್ರಮಕ್ಕೆ ನೃತ್ಯ ಸಂಯೋಜಿಸಿದ. 1990ರ ‘ಲಂಬಾಡಾ’ ಚಿತ್ರಕ್ಕೆ ನೃತ್ಯ ಸಂಯೋಜಿಸಿ ಪಾತ್ರವನ್ನೂ ಮಾಡಿದ. ಆ ಚಿತ್ರದ ನಾಯಕ ಯಾರು ಗೊತ್ತೇ? ಶ್ರೀಮಂತರ ಬಡಾವಣೆಯಲ್ಲಿ ಹಗಲು ಮೇಷ್ಟ್ರು, ರಾತ್ರಿ ಬಡವರ ಕೇರಿಗೆ ಹೋಗಿ ಕುಣಿದು, ಶಾಲೆ ಬಿಟ್ಟ ಹುಡುಗರಿಗೆ ಪಾಠ ಹೇಳುವವನು! ನಮ್ಮ ಸಹೋದ್ಯೋಗಿಗಳ ಸಭೆಯಲ್ಲಿ ಈ ಕಥೆ ಹೇಳಿದೆ. ಯಾರೂ ನಂಬಲಿಲ್ಲ, ಹಗಲಿನದೇ ಸಾಕಾಗಿದೆ ಎಂದರು. 1993ರಲ್ಲಿ ಅವನು ‘ರೇವ್, ಡ್ಯಾನ್ಸಿಂಗ್ ಟು ಎ ಡಿಫರೆಂಟ್ ಬೀಟ್’ ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿದ. ‘ಬ್ರೇಕಿನ್’ನಷ್ಟು ಹೆಸರು ಅದಕ್ಕೆ ಬರಲಿಲ್ಲ. ಆದರೂ ಕುಣಿಯುವವನು, ಕುಣಿಸುವವನು, ಆಮೇಲೆ ಕ್ಯಾಮೆರಾ ಎಲ್ಲಿಡಬೇಕೆಂದು ಹೇಳುವವನು, ಈ ಮೂರು ಮೆಟ್ಟಿಲನ್ನೂ ಅವನು ಹತ್ತಿದ್ದು ನಿಜ. ಅವನ ತಂಡದ ಟೋನಿ ಬೇಸಿಲ್ ಇನ್ನೂ ಮುಂಚೆಯೇ ಹತ್ತಿದ್ದಳು. 1980ರ ದಶಕದ ಆರಂಭದಲ್ಲಿ ಲೋಕವೆಲ್ಲ ಗುನುಗಿದ ‘ಮಿಕ್ಕಿ’ ಹಾಡಿನ ವಿಡಿಯೋದಲ್ಲಿ ಹಾಡಿದವಳು, ಕುಣಿದವಳು, ನೃತ್ಯ ಸಂಯೋಜಿಸಿ ನಿರ್ದೇಶಿಸಿದವಳು ಅವಳೇ.

ನಮ್ಮ ಕಡೆಯೂ ಇಂಥ ದಾರಿ ಇದೆ, ಹಿಪ್ ಹಾಪ್‌ನದಲ್ಲದಿದ್ದರೂ. ತಿ. ನರಸೀಪುರ ತಾಲ್ಲೂಕಿನ ಮೂಗೂರು ನನಗೆ ಬಸ್ಸಿನ ದಾರಿ. ಆ ಊರಿನ ಸುಂದರ್ ಚೆನ್ನೈಗೆ ಹೋಗಿ ದಕ್ಷಿಣದ ಸಿನಿಮಾಗಳ ನೃತ್ಯ ನಿರ್ದೇಶಕರಾದರು. ಅವರ ಮಗ, ಮೈಸೂರಿನಲ್ಲಿ 1973ರಲ್ಲಿ ಹುಟ್ಟಿದ ಪ್ರಭುದೇವ, ಭರತನಾಟ್ಯ ಕಲಿತು ಅದರ ಮೇಲೆ ಪಾಶ್ಚಾತ್ಯ ಹೆಜ್ಜೆ ಕಟ್ಟಿದವರು. 1994ರ ‘ಕಾದಲನ್’ ಚಿತ್ರದ ಒಂದು ಹಾಡಿನಲ್ಲಿ ಮೈ ಮಾಯವಾಗಿ ಬಟ್ಟೆಬರೆ ಮಾತ್ರ ಕುಣಿಯುತ್ತದೆ. ಮುಖವೇ ಇಲ್ಲದೆಯೂ ಕುಣಿಯುತ್ತಿರುವವನು ಯಾರು ಎಂದು ಚಿಕ್ಕ ಮಕ್ಕಳೂ ಹೇಳುತ್ತಿದ್ದರು. 2005ರಲ್ಲಿ ತೆಲುಗು ಚಿತ್ರವೊಂದರಿಂದ ಅವರೂ ನಿರ್ದೇಶನಕ್ಕೆ ಇಳಿದರು. ತಂದೆಯೂ 2002ರಲ್ಲಿ ಕನ್ನಡದಲ್ಲಿ ‘ಮನಸೆಲ್ಲಾ ನೀನೇ’ ನಿರ್ದೇಶಿಸಿದ್ದರು.

ಕುಣಿಯುವವರಿಗೆ ಕ್ಯಾಮೆರಾದ ಹಂಬಲ ಏಕೆ ಎಂದು ಯೋಚಿಸಿದರೆ ಒಂದು ಕಾರಣ ಕಾನೂನಿನಲ್ಲಿದೆ. ಕವಿ ಬರೆದದ್ದು ಹಾಳೆಯಲ್ಲಿ ಉಳಿಯುತ್ತದೆ, ಕುಣಿತ ಕುಣಿದ ಕ್ಷಣಕ್ಕೇ ಮುಗಿಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ಸಾಲಿಗೆ ಸೇರಿಸಿದೆ. ಆದರೆ ಅದು ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ಅಮೆರಿಕದಲ್ಲಿ 1978ರಿಂದ ಜಾರಿಗೆ ಬಂದ ಕಾನೂನೂ ಹಾಗೆಯೇ. ಅಲ್ಲೂ ಬಿಡಿ ಹೆಜ್ಜೆಗೆ ಒಡೆತನವಿಲ್ಲ. ಇದು ಸರಿಯೆಂದೇ ನನ್ನ ಅಭಿಪ್ರಾಯ, ಹೆಜ್ಜೆಗೆಲ್ಲ ಬೇಲಿ ಹಾಕಿದರೆ ಯಾರು ಕುಣಿಯಬೇಕು? ಆದರೆ ಒಡೆತನ ಬೇಡವೆಂದರೆ ಹೆಸರೂ ಬೇಡವೇ? ಹಿಂದಕ್ಕೆ ಜಾರುವ ಹೆಜ್ಜೆಯನ್ನೇ ನೋಡಿ. ಮೈಕೇಲ್ ಜಾಕ್ಸನ್ 1983ರಲ್ಲಿ ಟೀವಿಯಲ್ಲಿ ಅದನ್ನು ತೋರಿಸಿದ ಮೇಲೆ ಜಗತ್ತಿಗೆ ಅದು ಅವನದೇ ಆಯಿತು. ಸೋಲ್ ಟ್ರೇನ್‌ನಲ್ಲಿ ಕುಣಿದು ಬಂದ ಜೆಫ್ರಿ ಡೇನಿಯಲ್ ಅದನ್ನು 1982ರಲ್ಲೇ ಬ್ರಿಟನ್ನಿನ ಟೀವಿಯಲ್ಲಿ ಮಾಡಿದ್ದ. 1955ರ ಒಂದು ಚಿತ್ರದಲ್ಲಿ ಬಿಲ್ ಬೈಲಿ ಎಂಬ ಕುಣಿತಗಾರ ಆ ಹೆಜ್ಜೆಯಲ್ಲೇ ರಂಗದಿಂದ ಹಿಂದೆ ಸರಿದದ್ದು ಇಂದಿಗೂ ನೋಡಸಿಗುತ್ತದೆ. ಅಂದು ಕ್ಯಾಮೆರಾ ಅವನ ಕಾಲನ್ನು ಬಿಟ್ಟು ಮುಖವನ್ನಷ್ಟೇ ಹಿಡಿದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ.

ಡಾನ್ ಕ್ಯಾಂಬೆಲ್ 2020ರ ಮಾರ್ಚಿನಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಯ ವಾರದಲ್ಲಿ ಶಬ್ಬಾ-ಡೂ, 65ನೇ ವಯಸ್ಸಿನಲ್ಲಿ. ಆ ಇಬ್ಬರ ಹೆಸರನ್ನೂ ನಮ್ಮ ಹುಡುಗನಿಗೆ ಹೇಳಿದೆ. ಅವನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಕಿನ್ಯೋನೆಸ್ ಎಂಬುದನ್ನು ಮೂರು ಸಲ ಹೊಡೆದು ಹಾಕಿ ಬರೆದ.

ಇನ್ನು ತಾಯಿಗೆ ಕೊಟ್ಟ ‘ನೋಡೋಣ’ ಬಾಕಿ ಇತ್ತು. ಮುಂದಿನ ಭಾನುವಾರ ಶಾಲೆಯ ಬೀಗದ ಕೈ ತಂದೆ. ಮೊಬೈಲು ಕೈಯಲ್ಲಿ ಹಿಡಿದರೆ ಅಲುಗುತ್ತದೆ, ಐವತ್ತು ದಾಟಿದ ನನ್ನ ಕೈ ಇನ್ನೂ ಹೆಚ್ಚು. ಪ್ರಯೋಗಾಲಯದಿಂದ ಬ್ಯೂರೆಟ್ ಸ್ಟ್ಯಾಂಡು ತಂದು ಬೆಂಚಿನ ಮೇಲಿಟ್ಟೆ. ಬ್ಯೂರೆಟ್ ಹಿಡಿಯುವ ಹಿಡಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಮೊಬೈಲನ್ನು ನೆಟ್ಟಗೆ ಬಿಗಿದೆ. ಎತ್ತರ ಹುಡುಗನ ಸೊಂಟದ ಮಟ್ಟಕ್ಕೆ, ದೂರ ಹದಿನೈದು ಅಡಿ. ಅವನು ಕೈ ಮೇಲೆತ್ತಿದರೂ, ಮಂಡಿಗೆ ಕುಸಿದರೂ ಚೌಕಟ್ಟಿನೊಳಗೇ ಇರುವಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಕಾಲಿಗೆ ಅವನು ತಂಗಿಯ ಪಟ್ಟೆ ಕಾಲುಚೀಲ ಎಳೆದುಕೊಂಡು ಬಂದಿದ್ದ. ಮೀನಖಂಡದ ಅರ್ಧಕ್ಕೇ ನಿಂತಿತ್ತು.

ತಾಯಿ ಜಗಲಿಯ ಕಂಬಕ್ಕೆ ಒರಗಿ ಕೂತರು. ಹುಡುಗ ಕುಣಿದ. ನಡುವೆ ಒಂದು ಸಲ ನಾಯಿ ಬಂತು. ಮುಗಿದ ಮೇಲೆ ನಾನು, “ಎದುರಿಗೇ ನೋಡಿದ್ರಲ್ಲಮ್ಮ, ಇನ್ನು ವಿಡಿಯೋ ಬೇಕಾ?” ಎಂದೆ.

“ಬೇಕು ಮೇಷ್ಟ್ರೇ. ನಮ್ ಲೈನಲ್ಲಿ ನಲವತ್ತು ಜನ ಇದೀವಿ. ಅವ್ರಿಗೂ ತೋರ್ಸ್ಬೇಕಲ್ಲ.”

ಹುಡುಗ ಅಷ್ಟರಲ್ಲಿ ಮೊಬೈಲು ಬಿಚ್ಚಿಕೊಂಡು ನೋಡುತ್ತಿದ್ದ. ಮುಖ ಗಂಟಿಕ್ಕಿತ್ತು. “ಸರ್, ಎರಡನೇ ಲಾಕು ತಡ ಆಯ್ತು. ಇನ್ನೊಂದ್ಸಲ ತೆಗೀಬೇಕು. ಬೆಂಚು ಆ ಕಡೆ ಇಟ್ರೆ ಬೆಳಕು ಕಾಲಿಗೆ ಬೀಳುತ್ತೆ” ಎಂದ.

ಬೆಂಚು ಆ ಕಡೆಗೆ ಎಳೆದೆವು. ಐದು ಸಲ ತೆಗೆದೆವು. ಮೂರನೆಯದು ಅವನಿಗೆ ಒಪ್ಪಿಗೆಯಾಯಿತು, ಐದನೆಯದು ಅವನ ತಾಯಿಗೆ.

ಸೋಮವಾರ ಹತ್ತನೇ ತರಗತಿಗೆ ಆಮ್ಲ-ಪ್ರತ್ಯಾಮ್ಲದ ಪ್ರಯೋಗವಿತ್ತು. ಸ್ಟ್ಯಾಂಡು ಜೋಡಿಸಲು ಹೋದ ಅಟೆಂಡರ್, ಹಿಡಿಕೆಗೆ ಸುತ್ತಿದ್ದ ಟ್ಯೂಬಿನ ತುಂಡು ನೋಡಿ ಇದೇನು ಸರ್, ಬಿಚ್ಚಲಾ ಎಂದ. ಬಿಚ್ಚಬೇಡಪ್ಪ, ಇವತ್ತಿಗೆ ಬೇರೆ ಸ್ಟ್ಯಾಂಡು ತಗೋ ಎಂದೆ.